ಇಂಥವನು ನನ್ನ ದೋಣಿಯಲ್ಲಿದ್ದಾನೆ

ಗ್ಲಾಸ್ಟರ್, ಮ್ಯಾಸಚೂಸೆಟ್ಸ್
೧ ಏಪ್ರಿಲ್ ೨೦೦೭, ಗರಿಗಳ ಭಾನುವಾರ

ಪ್ರೀತಿಯ ತಂಗಿ ಅಗಾತಾಳಿಗೆ,

ಈ ಕಾಗದ ಬರೆಯುತ್ತಿರುವವಳು ಯಾರೆಂದು ಮೊದಲು ನೆನಪಿಸಿಬಿಡುತ್ತೇನೆ, ಏಕೆಂದರೆ ನಿನ್ನ ಹೋದ ಕಾಗದ ನೋಡಿದರೆ ನೀನು ಮರೆತಂತೆ ಕಾಣುತ್ತದೆ. ನಾನು ಗಯೆಟಾನಾ ಬಿಲೆಚಿ. ‘ಸಾಂತಾ ನಿಂಫಾ’ ದೋಣಿಯ ಒಡತಿ. ನಮ್ಮವರು ತೀರಿಕೊಂಡಾಗ ಈ ಬಂದರಿನ ಗಂಡಸರೆಲ್ಲ ದೋಣಿ ಮಾರಿಬಿಡು ಎಂದರು, ಮಾರಲಿಲ್ಲ. ಇವತ್ತು ನಾನು ಹರಾಜುಕಟ್ಟೆಗೆ ಹೋದರೆ ಮೀನಿನ ದಲ್ಲಾಳಿ ಟೋಪಿ ತೆಗೆದು ಮಾತಾಡುತ್ತಾನೆ. ಸಂತ ಜೋಸೆಫರ ಹಬ್ಬಕ್ಕೆ ನಾನು ಹಾಕುವ ಊಟದ ಮೇಜು ನನ್ನ ಮನೆಯ ಮೂರು ಕೋಣೆಗಳನ್ನು ದಾಟಿ ವರಾಂಡಕ್ಕೆ ಬರುತ್ತದೆ. ಇಂಥವಳಿಗೆ ನೀನು ‘ಪಾಪದ ಅಕ್ಕ’ ಎಂದು ಬರೆದಿದ್ದೀಯ. ಇಲ್ಲಿ ಪಾಪದವಳು ಯಾರೂ ಇಲ್ಲ.

ಅಕ್ಟೋಬರಿನಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಡಿದ ಕೆಲಸ ಮುಗಿಯಲಿ ಎಂದು ಕಾದೆ. ಅರ್ಧ ಬೆಂದದ್ದನ್ನು ಬಡಿಸುವ ಅಭ್ಯಾಸ ನನಗಿಲ್ಲ. ಈಗ ಬೆಂದಿದೆ. ಪೂಜೆ ಮುಗಿಸಿಕೊಂಡು ಬಂದು, ಅಮ್ಮ ಹೆಣೆಯುತ್ತಿದ್ದ ಹಾಗೆಯೇ ಗರಿ ಹೆಣೆದು ಒಲೆಯ ಮೇಲಿನ ಮೊಳೆಗೆ ಸಿಕ್ಕಿಸಿ ಕೂತಿದ್ದೇನೆ. ಎಡ ಮೊಣಕಾಲು ನಿನ್ನದರಂತೆಯೇ ನೋಯುತ್ತದೆ. ಅಲ್ಲಿ ನಮ್ಮೂರು ಟೆರ್ರಾಸಿನಿಯಲ್ಲಿ ಬಾದಾಮಿ ಹೂವು ಉದುರಿ ಮುಗಿದಿರಬೇಕು. ಇಲ್ಲಿ ಇನ್ನೂ ಕಟ್ಟೆಯ ಹಗ್ಗಗಳ ಮೇಲೆ ಬೆಳಗಿನ ಹೊತ್ತು ಮಂಜು ಕಟ್ಟುತ್ತದೆ.

ಬಾಲ್ದೊ ನಿನಗೆ ಫೋನು ಮಾಡಿ, ‘ಅಮ್ಮ ನನ್ನನ್ನು ಸರ್ಕಾರಕ್ಕೆ ಹಿಡಿದುಕೊಟ್ಟಳು’ ಎಂದು ಅತ್ತನೆಂದು ಬರೆದಿದ್ದೀಯ. ಅತ್ತಿರಬಹುದು. ಹಿಡಿದುಕೊಟ್ಟದ್ದೂ ನಿಜ. ಹೆತ್ತ ಮಗನನ್ನು ಕಚೇರಿಯವರ ಬಾಯಿಗೆ ಹಾಕುವ ತಾಯಿ ಎಲ್ಲಿದ್ದಾಳೆ ಎಂದು ಕೇಳಿದ್ದೀಯ. ಇಲ್ಲಿ, ಫೋರ್ಟ್ ಬೀದಿಯ ತುದಿಯ ಮನೆಯಲ್ಲಿದ್ದಾಳೆ. ಅವನು ನಿನಗೆ ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ, ಕೇಳು.

ಹೋದ ವರ್ಷದ ಹಬ್ಬದ ಹಿಂದಿನ ದಿನ ಪೀನಾ ಲವಾಂಕೊ ತನ್ನ ಮನೆಯಲ್ಲಿ ಮೇಜು ಹಾಕಿದ್ದಳು. ಪೀನಾ ಗೊತ್ತಲ್ಲ, ಎದುರು ಬೀದಿಯವಳು. ಅವಳ ಗಂಡನ ದೋಣಿ ನಮ್ಮದರ ಪಕ್ಕದಲ್ಲೇ ನಿಲ್ಲುತ್ತದೆ. ಅವಳದು ಹಿಂದಿನ ದಿನ, ನನ್ನದು ಹಬ್ಬದ ದಿನ. ಅವಳ ಮೇಜಿಗೆ ನಾನು ನಿಂಬೆಹಣ್ಣು ಒಯ್ಯುತ್ತೇನೆ, ನನ್ನ ಮೇಜಿಗೆ ಅವಳು ಕಿತ್ತಳೆ ತರುತ್ತಾಳೆ, ಮತ್ತು ಇಬ್ಬರೂ ಮತ್ತೊಬ್ಬರ ರೊಟ್ಟಿ ಸೀದಿದೆ ಎನ್ನುತ್ತೇವೆ. ಇತ್ತೀಚೆಗೆ ಇಲ್ಲಿಯವರು ತಮ್ಮ ಮೊಮ್ಮಕ್ಕಳಿಗೇ ರೇಷ್ಮೆ ಹೊದಿಸಿ ಯೇಸು, ಮರಿಯಾ, ಜೋಸೆಫ ಎಂದು ಕೂರಿಸುತ್ತಾರೆ. ಪೀನಾ ಮಾತ್ರ ನಮ್ಮೂರಿನ ಹಳೆಯ ಕ್ರಮ ಬಿಟ್ಟಿಲ್ಲ. ತಂದೆ ತೀರಿಕೊಂಡ, ಇಲ್ಲವೇ ತಂದೆ ಇದ್ದೂ ಹೊಟ್ಟೆಗೆ ಹಾಕದ ಮಕ್ಕಳನ್ನು ಹುಡುಕಿ ತಂದು ಕೂರಿಸುತ್ತಾಳೆ. ಆ ಮೂರು ಮಕ್ಕಳು ಬೀದಿಯಲ್ಲಿ ಬಂದು ಮುಂಬಾಗಿಲು ತಟ್ಟಬೇಕು, ಒಳಗಿನವರು ಜಾಗವಿಲ್ಲ ಎನ್ನಬೇಕು. ಪಕ್ಕದ ಬಾಗಿಲು ತಟ್ಟಬೇಕು, ಅಲ್ಲೂ ಇಲ್ಲ ಎನ್ನಬೇಕು. ಮೂರನೆಯದು ಅಡುಗೆಮನೆಯ ಬಾಗಿಲು, ಅದು ತೆರೆಯಬೇಕು. ನಿನಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ.

ಎರಡನೆಯ ಬಾಗಿಲ ಹಿಂದೆ ನಿಲ್ಲುವ ಮರ್ಯಾದೆಯನ್ನು ಪೀನಾ ನನಗೆ ಕೊಟ್ಟಿದ್ದಳು. ಬಾಗಿಲು ಮುಚ್ಚಿತ್ತು. ಹೊರಗೆ ಹೆಂಗಸರು ಹಾಡುತ್ತಿದ್ದರು. ತಟ್ಟಿದ ಸದ್ದಾಯಿತು.

“ಯಾರು?” ಎಂದೆ.

“ಯೇಸು, ಮರಿಯಾ, ಜೋಸೆಫ. ಇರೋಕೆ ಜಾಗ ಕೊಡ್ತೀರಾ?”

“ಇಲ್ಲಿ ನಿಮಗೆ ಜಾಗ ಇಲ್ಲ. ಮುಂದೆ ಹೋಗಿ,” ಎಂದೆ. ನನ್ನ ಗಂಟಲು ಗೊತ್ತಲ್ಲ, ಬೀದಿಗೆಲ್ಲ ಕೇಳಿಸಿತು.

ಹೊರಗೆ ಹಾಡು ನಿಂತಿತು. ಆಮೇಲೆ ಬಾಗಿಲ ಸಂದಿಯಿಂದ ಒಂದು ಸಣ್ಣ ದನಿ ಬಂತು.

“ನೋನ್ನಾ? ನೀನಾ ಅಜ್ಜಿ ಒಳಗಿರೋದು?”

ಬಾಗಿಲು ತೆಗೆದೆ. ತೆಗೆಯಬಾರದು, ಕ್ರಮ ಕೆಡುತ್ತದೆ, ಆದರೂ ತೆಗೆದೆ. ಮರಿಯಳ ನೀಲಿ ವಸ್ತ್ರ ಹೊದ್ದು ನಿಂತಿದ್ದವಳು ಬಾಲ್ದೊನ ಮಗಳು ತಾನಾ. ನಮ್ಮ ರೂಢಿಯಂತೆ ತಂದೆಯ ತಾಯಿಯ ಹೆಸರಿಟ್ಟ ಕೂಸು, ಗಯೆಟಾನಾ ಚಿಕ್ಕದಾಗಿ ತಾನಾ. ಗಯೆಟಾನಾ ಬಿಲೆಚಿ ಎಂಬ ಹೆಸರಿನವಳು ಅನ್ನಕ್ಕಾಗಿ ಬಾಗಿಲು ತಟ್ಟಿದ್ದಳು, ಗಯೆಟಾನಾ ಬಿಲೆಚಿ ಎಂಬ ಹೆಸರಿನವಳೇ ಒಳಗಿನಿಂದ ಜಾಗವಿಲ್ಲ ಎಂದಿದ್ದಳು. ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಮಗು ತಪ್ಪು ಮಾಡಿದೆನೆಂದು ತುಟಿ ಕಚ್ಚಿಕೊಂಡಿತು.

ನಾನು ಪೀನಾಳನ್ನು ಅವಳ ಒಲೆಯ ಪಕ್ಕಕ್ಕೆ ಎಳೆದುಕೊಂಡು ಹೋದೆ.

“ನನ್ನನ್ನು ಅವಮಾನ ಮಾಡೋಕೆ ಕರೆಸಿದ್ಯಾ?”

“ನಾನ್ಯಾಕೆ ಮಾಡ್ಲಿ? ಚರ್ಚಿನ ಹಿಂದೆ ದಿನಸಿ ಹಂಚ್ತೀವಲ್ಲ, ಅಲ್ಲಿ ಸಾಲಲ್ಲಿ ನಿಂತಿದ್ಲು ತಾಯಿ. ಮಗು ಹೆಸರೇನು ಅಂತ ಕೇಳ್ದೆ. ಹೇಳಿದ್ಲು. ನನಗೂ ಒಂದು ಕ್ಷಣ ಕೈಯಲ್ಲಿದ್ದ ಚೀಲ ಜಾರ್ತು ಗಯೆಟಾನಾ. ಆದ್ರೆ ಕ್ರಮ ಅಂದ್ರೆ ಕ್ರಮ. ಬಿಲೆಚಿ ಅಂತ ಬಿಡೋಕಾಗುತ್ತಾ?”

ತಾಯಿ ನೊರೀನ್ ಅಲ್ಲೇ ತಟ್ಟೆ ಒರೆಸುತ್ತಿದ್ದಳು. ಅವಳು ಐರಿಶ್ ಮನೆಯ ಹುಡುಗಿ, ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಮಲಗಿಸುವ ಕೆಲಸ. ಬಾಲ್ದೊನನ್ನು ಬಿಟ್ಟ ಮೇಲೆ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಮಗುವನ್ನು ಅವನೇ ಕರೆತರುತ್ತಿದ್ದ. ಪೀನಾಳ ಮೇಜಿಗೆ ಮಗುವನ್ನು ಕರೆದದ್ದು ದೊಡ್ಡ ಗೌರವ ಎಂದು ತಿಳಿದು ಅವಳು ರಾತ್ರಿ ಕೂತು ಆ ನೀಲಿ ವಸ್ತ್ರದ ಅಂಚು ಹೊಲಿದಿದ್ದಳು. ಅದರ ಅರ್ಥ ಅವಳಿಗೆ ಯಾರೂ ಹೇಳಿರಲಿಲ್ಲ.

“ಬಾಲ್ದೊ ನಿನ್ನ ಕೈಗೆ ದುಡ್ಡು ಕೊಡ್ತಾ ಇಲ್ವಾ?” ಎಂದು ಕೇಳಿದೆ. “ಪ್ರತಿ ಶನಿವಾರ ಕೊಡ್ತೀನಿ ಅಂತ ನನ್ನ ಹತ್ರ ಹೇಳ್ತಾನೆ.”

ಅವಳು ತಟ್ಟೆ ಕೆಳಗಿಟ್ಟಳು. “ನ್ಯಾಯಾಧೀಶರ ಮುಂದೆ ಅವನಿಗೆ ಕೆಲಸವೇ ಇಲ್ವಂತೆ. ಅಮ್ಮನ ಮನೇಲಿ ಎರಡು ಹೊತ್ತು ಊಟಕ್ಕೆ ಬಲೆ ಹೊಲ್ಕೊಂಡು ಬಿದ್ದಿದೀನಿ ಅಂತ ಹೇಳ್ದ. ನಿಮ್ಮ ದೋಣಿಯವರು ಕಳಿಸೋ ಹೆಸರುಗಳಲ್ಲಿ ಅವನ ಹೆಸರಿಲ್ಲ. ಇಲ್ಲ ಅಂದ್ಮೇಲೆ ಕಚೇರಿಯವರು ತಾನೆ ಏನು ಮಾಡ್ತಾರೆ? ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಅಗಾತಾ, ಅವನು ಹೊಸ ಕೆಂಪು ಟ್ರಕ್ಕು ಕೊಂಡ ವರ್ಷ ಅದು. ನನ್ನ ದೋಣಿಯ ಚುಕ್ಕಾಣಿ ಹಿಡಿದ ನಾಯಕ. ಕೂಲಿಯಿಲ್ಲದೆ ಊಟಕ್ಕೆ ಆಳನ್ನು ದುಡಿಸಿಕೊಳ್ಳುವ ದೋಣಿ ‘ಸಾಂತಾ ನಿಂಫಾ’ ಎಂದು ಈ ಸರ್ಕಾರದ ನ್ಯಾಯಾಲಯದಲ್ಲಿ ಬರೆದುಕೊಂಡಿದ್ದಾರೆ, ನನ್ನ ಮಗನ ಬಾಯಿಂದ.

ನಿನಗೆ ಇಲ್ಲಿಯ ಕಾನೂನು ಸ್ವಲ್ಪ ಹೇಳಬೇಕು. ಸಂಬಳದವನಾದರೆ ಮಗುವಿನ ಭಾಗವನ್ನು ಸರ್ಕಾರ ಅವನ ಸಂಬಳದಿಂದಲೇ ಹಿಡಿದು ತಾಯಿಗೆ ಮುಟ್ಟಿಸುತ್ತದೆ. ನಮ್ಮ ದೋಣಿಯವರಿಗೆ ಸಂಬಳವಿಲ್ಲ. ಮೀನು ಮಾರಿ ಬಂದದ್ದರಲ್ಲಿ ದೋಣಿಗೊಂದು ಪಾಲು, ಆಳಿಗೊಂದು ಪಾಲು, ನಾಯಕನಿಗೆ ಇನ್ನೊಂದಿಷ್ಟು. ಪಾಲಿಗೆ ದುಡಿಯುವವನು ತನಗೆ ತಾನೇ ಧಣಿ. ತನಗೇನು ಬಂತೆಂದು ಅವನು ಹೇಳಿದ್ದೇ ಲೆಕ್ಕ. ಅದಕ್ಕೇ, ಅಂಥವನಿಗೆ ಪಾಲು ಕೊಡುವವರು ಅವನ ಹೆಸರನ್ನು ತಾವಾಗಿ ಕಚೇರಿಗೆ ತಿಳಿಸಬೇಕೆಂದು ಕಾನೂನಿದೆ. ನಮ್ಮ ಕಡೆಯಿಂದ ಪಾಸ್ಕ್ವಾಲೆ ತಿಳಿಸುತ್ತಿದ್ದ. ನಮ್ಮವರ ಸೋದರಳಿಯ, ದೋಣಿಯ ಬರವಣಿಗೆ ನೋಡಿಕೊಳ್ಳುವವನು. ಮಾರನೆಯ ದಿನವೇ ಅವನನ್ನು ಕರೆಸಿ ಕೇಳಿದೆ. ಅವನು ಮುಗ್ಧನಾಗಿ ಹೇಳಿದ:

“ಆಳುಗಳ ಹೆಸರೆಲ್ಲ ಕಳಿಸಿದೀನಿ ಅತ್ತೆ. ಬಾಲ್ದೊ ಆಳಲ್ವಲ್ಲ. ಮನೆಯವನು.”

ಈ ಬಂದರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಒಡೆಯನ ಮಗ, ಅಳಿಯ, ಭಾವಮೈದುನ ದೋಣಿ ಹತ್ತಿದರೆ ಅವರು ದುಡಿಯುವವರಲ್ಲ, ಮನೆಯವರು. ಮನೆಯವರ ಪಾಲು ಪಾಲಲ್ಲ. ಇದು ಮೋಸ ಎಂದು ಪಾಸ್ಕ್ವಾಲೆಯ ತಲೆಗೆ ಹೊಳೆದೇ ಇರಲಿಲ್ಲ. ಬಾಲ್ದೊನ ತಲೆಗೆ ಹೊಳೆದಿತ್ತು.

ನಿನ್ನ ಬಳಿ ದುಡ್ಡಿದೆ, ನೀನೇ ಗುಟ್ಟಾಗಿ ಮಗುವಿಗೆ ಕೊಡಬಹುದಿತ್ತಲ್ಲ ಎಂದು ಬರೆದಿದ್ದೀಯ. ಪೀನಾ ಕೊಟ್ಟದ್ದೂ ಅದೇ ತಾನೇ? ಒಳ್ಳೆಯ ಊಟ, ತುಂಬಿದ ತಟ್ಟೆ. ಊರಿನ ದೊನ್ನಾ ಎರ್ಸಿಲಿಯಾಳ ಹಬ್ಬದ ಮೇಜು ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ಅಮೇರಿಕಕ್ಕೆ ಹೋಗಿ ಒಂದು ಕಾಗದವನ್ನೂ ಹಾಕದಿದ್ದ ವರ್ಷಗಳು. ನಮ್ಮಿಬ್ಬರನ್ನೂ ಕೂರಿಸಿದ್ದಳು. ಹುರಿದ ರೊಟ್ಟಿಪುಡಿ ಉದುರಿಸಿದ ಪಾಸ್ತಾ ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದೇ ಇಲ್ಲ. ಆದರೆ ತಲೆ ಎತ್ತಿ ತಿನ್ನುವ ಹಾಗಿರಲಿಲ್ಲ. ಅಜ್ಜಿ ಕೊಟ್ಟದ್ದೂ ದಾನವೇ. ತಂದೆಯ ಪಾಲಿನಿಂದ ಬಂದದ್ದನ್ನು ಮಾತ್ರ ಮಗು ತಲೆ ಎತ್ತಿ ತಿನ್ನುತ್ತದೆ.

ಹಬ್ಬ ಕಳೆದ ಸೋಮವಾರ ಕರಿ ಕೋಟು ಹಾಕಿಕೊಂಡು ರೈಲು ಹತ್ತಿ ಬಾಸ್ಟನ್ನಿನ ಕಚೇರಿಗೆ ಹೋದೆ. ಅಲ್ಲಿ ಚೂಯಿಂಗ್ ಗಮ್ ಅಗಿಯುತ್ತಿದ್ದ ಒಬ್ಬಳು ಹುಡುಗಿ, “ಇದಕ್ಕೆ ಬರಬೇಕಾಗಿರಲಿಲ್ಲ ಮೇಡಂ, ಫ್ಯಾಕ್ಸ್ ಮಾಡಿದ್ರೆ ಸಾಕಿತ್ತು,” ಎಂದಳು.

“ಮುಖ ನೋಡಿ ಹೇಳೋ ಮಾತು ಇದು,” ಎಂದೆ.

ಅವಳು ಬರೆದುಕೊಳ್ಳುತ್ತ, “ನಿಮ್ಮಿಬ್ಬರ ಅಡ್ಡಹೆಸರೂ ಒಂದೇ. ಸಂಬಂಧಾನಾ?” ಎಂದು ಕೇಳಿದಳು.

“ನಾನು ಹೆತ್ತವನು.”

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ನಾನು ಬುಟ್ಟಿ ದುಡ್ಡನ್ನೂ ಬರೆಸಿದೆ. ಬಲೆಗೆ ಅಕಸ್ಮಾತ್ ಬಿದ್ದ ಲಾಬ್‌ಸ್ಟರುಗಳನ್ನು ದೋಣಿಯ ಗಂಡಸರು ಬುಟ್ಟಿಯಲ್ಲಿ ಬೇರೆ ಇಟ್ಟು ಕಟ್ಟೆಯ ಮೇಲೆಯೇ ಮಾರಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನಮ್ಮವರ ಅಪ್ಪನ ಕಾಲದಿಂದ ಅದನ್ನು ಯಾರೂ ಯಾರಿಗೂ ಹೇಳಿದ್ದಿಲ್ಲ. ನಾನು ಹೇಳಿದೆ.

ಶನಿವಾರ ಪಾಲು ಹಂಚುವ ದಿನ. ಅಡುಗೆಮನೆಯ ಮೇಜಿನ ಮೇಲೆ ನಾನೇ ಹಂಚುತ್ತೇನೆ. ಆಳುಗಳೆಲ್ಲ ಹೋದ ಮೇಲೆ ಬಾಲ್ದೊ ಕಾಫಿ ಬಗ್ಗಿಸಿಕೊಂಡು ಕೂತ.

“ಮಾ, ಬಾಸ್ಟನ್‌ಗೆ ಹೋಗಿದ್ಯಂತೆ. ಡಾಕ್ಟ್ರ ಹತ್ರಾನಾ? ಹೇಳಿದ್ರೆ ನಾನೇ ಕರ್ಕೊಂಡು ಹೋಗ್ತಿದ್ನಲ್ಲ.”

“ಡಾಕ್ಟ್ರ ಹತ್ರ ಅಲ್ಲ. ತಂದೆ ಕೊಡದೆ ಇರೋ ಮಕ್ಕಳ ಪಾಲು ವಸೂಲಿ ಮಾಡ್ತಾರಲ್ಲ, ಆ ಕಚೇರಿಗೆ.”

“ಯಾರ ಮಕ್ಕಳು?”

“ನಿನಗೆ ಎಷ್ಟಿವೆಯೋ ನನಗೆ ಗೊತ್ತಿಲ್ಲಪ್ಪ. ನನಗೆ ಗೊತ್ತಿರೋದು ಒಬ್ಬಳು. ನನ್ನ ಹೆಸರಿನವಳು.”

ಅವನ ಮುಖ ಅವನ ಟ್ರಕ್ಕಿನ ಬಣ್ಣಕ್ಕೆ ತಿರುಗಿತು. “ಮಾ, ನಾನು ನಿನ್ನ ಮಗ.”

“ಈ ಅಡುಗೆಮನೇಲಿ ಮಗ. ದೋಣಿಯಲ್ಲಿ ನಾಯಕ. ನ್ಯಾಯಾಧೀಶರ ಮುಂದೆ ನೀನು ಎರಡೂ ಅಲ್ಲ, ಊಟಕ್ಕೆ ಬಿದ್ದಿರೋ ಬಲೆ ಹೊಲಿಯೋ ಆಳು. ನಾನು ನಿನಗೆ ಒಂದು ಪಾಲೂ ಕೊಟ್ಟಿಲ್ವಂತೆ. ಇವತ್ತು ಜೇಬಿಗೆ ಹಾಕ್ಕೊಂಡ್ಯಲ್ಲ, ಅದೇನು, ಪ್ರಸಾದಾನಾ?”

“ವಕೀಲ ಹಾಗೆ ಹೇಳು ಅಂದ.”

“ವಕೀಲನನ್ನ ನಾನು ಹೆತ್ತಿಲ್ಲ.”

“ಎಲ್ರೂ ಮಾಡೋದು ಇದನ್ನೇ ಮಾ. ನಾವೇನು ಬ್ಯಾಂಕಲ್ಲಿ ಕೂತು ಸಂಬಳ ತಗೊಳ್ತೀವಾ? ಒಂದು ಸಲ ಬಲೆ ತುಂಬುತ್ತೆ, ಒಂದು ಸಲ ಡೀಸೆಲ್‌ಗೂ ಗಿಟ್ಟಲ್ಲ. ಸರ್ಕಾರಕ್ಕೆ ಅದು ಅರ್ಥ ಆಗುತ್ತಾ?”

“ಖಾಲಿ ಬಂದ ಸಲ ಖಾಲಿ ಅಂತ ನಾನೇ ಬರೀತೀನಿ. ತುಂಬಿ ಬಂದ ಸಲ ತುಂಬಿ ಅಂತ ಬರೀತೀನಿ. ನಿನ್ನ ಮಗಳ ಹೊಟ್ಟೆ ಮಾತ್ರ ಎರಡು ಸಲಾನೂ ಒಂದೇ ಅಳತೆ.”

“ಬಂದರಲ್ಲಿ ಬೇರೆ ದೋಣಿಗಳಿವೆ.”

“ಇವೆ. ಬೀಗದ ಕೈ ಇಲ್ಲಿಟ್ಟು ಹೋಗು.”

ಇಟ್ಟು ಹೋದ. ಬಾಗಿಲು ಬಡಿದ ರಭಸಕ್ಕೆ ಸಂತ ಜೋಸೆಫರ ಪಟ ವಾಲಿತು. ಸರಿ ಮಾಡಿ ಕೂತೆ. ಆ ಹೊತ್ತು ನನಗೆ ಏನೂ ಅನ್ನಿಸಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ದೋಣಿಗೆ ನಾಯಕನಿರಲಿಲ್ಲ, ಮನೆಗೆ ಮಗನಿರಲಿಲ್ಲ. ಆದರೆ ಅವನ ಮಾತಿನಲ್ಲಿ ನಿಜವಿತ್ತು. ಬೇರೆ ದೋಣಿ ಹತ್ತಿದರೆ ಮತ್ತೆ ಯಾರದೋ ಅಡುಗೆಮನೆಯಲ್ಲಿ ಮುಚ್ಚಿಹೋಗುತ್ತಾನೆ. ಈ ಬಂದರಿನ ಪಾಲುಗಳೆಲ್ಲ ಹೆಂಗಸರ ಅಡುಗೆಮನೆಯಲ್ಲೇ ಹಂಚುವುದು. ಹಾಗಾಗಿ ಮತ್ತೆ ಕರಿ ಕೋಟು ಹಾಕಿಕೊಂಡೆ.

ಮೊದಲು ಹೋದದ್ದು ಪೀನಾಳ ಮನೆಗೆ. ಅದು ಎಷ್ಟು ಕಷ್ಟವಾಯಿತು ಎಂಬುದು ದೇವರಿಗೂ ನನ್ನ ಮೊಣಕಾಲಿಗೂ ಗೊತ್ತು.

“ಅಬ್ಬಾ, ಗಯೆಟಾನಾ ಬಿಲೆಚಿ ಕರೆಯದೆ ನನ್ನ ಮನೆಗೆ,” ಎಂದಳು. “ಕೂತ್ಕೊ. ಕಾಫಿಗೆ ಸಕ್ಕರೆ ಹಾಕ್ಲಾ, ಇಲ್ಲ ಮುಖದ ಹಾಗೇ ಇರ್ಲಾ?”

“ಬಾಲ್ದೊ ಕೆಲಸ ಕೇಳ್ಕೊಂಡು ನಿನ್ನ ಗಂಡನ ಹತ್ರ ಬರ್ತಾನೆ. ಕೊಡಿ. ಅವನಂಥ ಕೆಲಸಗಾರ ನಿಮ್ಮ ದೋಣೀಲಿ ಇಲ್ಲ.”

“ಶಿಫಾರಸಾ?”

“ಪೂರ್ತಿ ಕೇಳು. ಕೆಲಸ ಕೊಡಿ, ಹೆಸರು ಕಳಿಸಿ. ಬುಟ್ಟಿ ದುಡ್ಡಿನ ಸಮೇತ.”

ಪೀನಾ ಸಕ್ಕರೆ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ನಮ್ಮ ದೋಣೀಲೂ ಅಂಥವನೊಬ್ಬ ಇದಾನೆ,” ಎಂದಳು. “ನನ್ನ ತಮ್ಮನೇ. ಅವನ ಹುಡುಗನ್ನ ಹೋದ ವರ್ಷ ನಾನೇ ಮೇಜಿಗೆ ಕೂರಿಸಿದ್ದೆ. ಸ್ವಂತ ಅತ್ತೆ ಬಡಿಸ್ತಿದೀನಿ ಅಂತ ಸಂತೋಷಪಟ್ಟೆ ನೋಡು, ದಡ್ಡಿ.” ಎದ್ದು ಕೋಟು ತೆಗೆದುಕೊಂಡಳು. “ನಡಿ, ಒಬ್ಬಳೇ ಹೋದ್ರೆ ನಿನ್ನ ಯಾರೂ ಒಳಗೆ ಬಿಡಲ್ಲ.”

ಇಬ್ಬರೂ ಸೇರಿ ಬಂದರಿನ ಅಡುಗೆಮನೆಗಳನ್ನೆಲ್ಲ ಸುತ್ತಿದೆವು. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಒಬ್ಬಳು ಗಂಡನಿಗೆ ಹೆದರಿ ಆಗುವುದಿಲ್ಲ ಎಂದು, ಸಂಜೆ ತಾನಾಗಿ ಬಂದು ಆಗುತ್ತದೆ ಎಂದಳು. ಉಳಿದವರಿಗೆ ಹೆಚ್ಚು ಹೇಳಬೇಕಾಗಿಯೇ ಬರಲಿಲ್ಲ. ‘ನಾನು ನನ್ನ ಮಗನ ಹೆಸರು ಕಳಿಸಿದ್ದೇನೆ’ ಎನ್ನುವುದು ಸಾಕಾಯಿತು.

ಆಮೇಲೆ ಬೇಸಗೆಯ ಕಥೆ. ಚುಕ್ಕಾಣಿಯನ್ನು ಮುದುಕ ಒರಾತ್ಸಿಯೊಗೆ ಕೊಟ್ಟೆ. ನಮ್ಮವರ ಜೊತೆ ದುಡಿದವನು. ಮೊದಲ ಸಲ ಬಲೆ ಹರಿದುಕೊಂಡು ಬಂದ, ಕಟ್ಟೆಯವರೆಲ್ಲ ನಕ್ಕರು. ಮುಂದಿನ ಸಲ ‘ಸಾಂತಾ ನಿಂಫಾ’ ಬಂದಾಗ ಹ್ಯಾಡಕ್ ಮೀನಿನ ಭಾರಕ್ಕೆ ಅಂಚು ನೀರಿಗೆ ತಾಗುವ ಹಾಗಿತ್ತು. ನಾನು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಇಳಿಸಿಕೊಂಡೆ. ಯಾರೂ ನಗಲಿಲ್ಲ.

ಬಾಲ್ದೊ ಪೀನಾಳ ಗಂಡನ ದೋಣಿ ಹತ್ತಿದ. ಒಂದು ಶನಿವಾರ ಪಾಲಿಗೆ ಕೈಯೊಡ್ಡಿದರೆ ಪೀನಾ, “ಇದು ನಿನ್ನದು. ಮಗಳದು ಆಗಲೇ ಹೋಯ್ತು ಕಣೋ,” ಎಂದಳಂತೆ. ಅಲ್ಲಿಂದ ಇನ್ನೊಂದು ದೋಣಿ, ಅಲ್ಲೂ ಅದೇ ಮಾತು. ನ್ಯೂ ಬೆಡ್‌ಫರ್ಡ್‌ಗೆ ಹೋದ. ಅದೂ ಇದೇ ರಾಜ್ಯ, ಇದೇ ಕಾನೂನು, ಮತ್ತು ಅಲ್ಲಿಯ ಒಡತಿ ಪೀನಾಳ ಸೋದರಸೊಸೆ. ಅವನು ನಿನಗೆ ಫೋನು ಮಾಡಿ ಅತ್ತದ್ದು ಆಗಲೇ ಇರಬೇಕು.

ಮಗುವಿನ ಪಾಲು ಮೊದಲ ಸಲ ಬಂದ ದಿನ ನೊರೀನ್ ನನ್ನ ಮೆಟ್ಟಿಲ ಮೇಲೆ ಬಂದು ನಿಂತಳು. ಒಳಗೆ ಕರೆದರೆ ಬರಲಿಲ್ಲ.

“ಇದು ನಿಮ್ಮ ದುಡ್ಡಾಗಿದ್ರೆ ವಾಪಸ್ ತಗೊಳ್ಳಿ. ನಂಗೆ ಯಾರ ಹಂಗೂ ಬೇಡ.”

“ನನ್ನದು ಒಂದು ಕಾಸೂ ಇಲ್ಲ, ಕೊಡೋದೂ ಇಲ್ಲ. ಅದು ನಿನ್ನ ಮಗಳ ತಂದೆ ಬೆವರು.”

“ಹಾಗಾದ್ರೆ ಇಟ್ಕೋತೀನಿ.”

“ಇಟ್ಕೊಳ್ದೆ? ಕಾಫಿ ಕುಡಿದು ಹೋಗು.”

“ಇವತ್ತು ಬೇಡ,” ಎಂದಳು. ನೋಡು, ‘ಇವತ್ತು’ ಎಂದಳು. ಈ ಹುಡುಗಿಯನ್ನು ಇಷ್ಟು ವರ್ಷ ನಾನು ಯಾಕೆ ಸರಿಯಾಗಿ ಗಮನಿಸಿರಲಿಲ್ಲವೋ. ಒಬ್ಬಳೇ ಒಂದು ದೋಣಿ ನಡೆಸಬಲ್ಲಳು.

ಚಳಿ ಶುರುವಾಗುವ ಮೊದಲು ಬಾಲ್ದೊ ಹಿಂದಿನ ಬಾಗಿಲಿನಿಂದ ಬಂದ. ಸೊರಗಿದ್ದ. ಟ್ರಕ್ಕು ಇರಲಿಲ್ಲ, ನಡೆದು ಬಂದಿದ್ದ.

“ಮಾ, ಕಾಫಿ ಇದೆಯಾ?”

“ಕಾಫಿ ಇದೆ. ಚುಕ್ಕಾಣಿ ಇಲ್ಲ. ಒರಾತ್ಸಿಯೊ ಕೈ ಕೆಳಗೆ ಡೆಕ್ಕಿನ ಮೇಲೆ ಕೆಲಸ ಇದೆ.”

ಕುಡಿದ. ಬೆಳಗ್ಗೆ ಹೋಗಿ ದೋಣಿ ಹತ್ತಿದ. ಅವತ್ತೇ ಅವನ ಹೆಸರನ್ನು ನಾನು ಮತ್ತೆ ಕಳಿಸಿದೆ, ಅವನು ನೋಡುತ್ತಿದ್ದ ಹಾಗೆಯೇ. ಚಳಿಗಾಲವಿಡೀ ಮಂಜುಗಟ್ಟಿದ ಬಲೆ ಎಳೆದ. ಪ್ರತಿ ಶನಿವಾರ ಮಗಳ ಪಾಲು ಮೊದಲು ಹೋಯಿತು, ಅವನದು ಆಮೇಲೆ. ಮೊದಲಿಗೆ ಗೊಣಗಿದ. ಜನವರಿಯಲ್ಲಿ ಒಂದು ದಿನ, ತಾನಾ ಹೊಸ ಬೂಟು ಹಾಕಿಕೊಂಡು ಕಟ್ಟೆಗೆ ಬಂದು, “ಅಪ್ಪಾ, ಇದು ಹ್ಯಾಡಕ್‌ನಿಂದ ಬಂದಿದ್ದಂತೆ, ಅಮ್ಮ ಹೇಳಿದ್ಲು,” ಎಂದು ಕಾಲೆತ್ತಿ ತೋರಿಸಿದಳು. ಅವತ್ತಿನಿಂದ ಗೊಣಗಾಟ ನಿಂತಿತು.

ಈಗ ಈ ವರ್ಷದ ಹಬ್ಬ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಪೀನಾ ಉರಿಮುಖ ಹೊತ್ತು ಬಂದಳು.

“ಎಲ್ಲ ನಿನ್ನಿಂದ. ಬಂದರೆಲ್ಲ ಹುಡುಕಿದೆ, ನನ್ನ ಮೇಜಿಗೆ ಕೂರಿಸೋಕೆ ಮಕ್ಕಳೇ ಸಿಗ್ತಿಲ್ಲ. ಯಾರನ್ನ ಕೇಳಿದ್ರೂ ‘ನಮ್ಮಪ್ಪ ಕಳಿಸ್ತಾರೆ’ ಅಂತಾವೆ. ಈಗ ನಾನು ಯಾರಿಗೆ ಬಡಿಸ್ಲಿ?”

ಕೊನೆಗೆ ಅವಳು ಹೆಂಡತಿಯಿಲ್ಲದ, ಹಲ್ಲಿಲ್ಲದ ಮೂವರು ಮುದಿ ನಾವಿಕರನ್ನು ಯೇಸು, ಮರಿಯಾ, ಜೋಸೆಫ ಎಂದು ಕೂರಿಸಿದಳು. ಮರಿಯಳಾಗಿದ್ದವನಿಗೆ ಬಿಳಿ ಮೀಸೆಯಿತ್ತು. ಬೀದಿಯೆಲ್ಲ ನಕ್ಕು ನಕ್ಕು ಹಾಡು ತಪ್ಪಿತು. ಈ ಬಂದರಿನಲ್ಲಿ ಇಷ್ಟು ಒಳ್ಳೆಯ ಹಬ್ಬ ನಾನು ಕಂಡಿರಲಿಲ್ಲ.

ಮಾರನೆಯ ದಿನ ನನ್ನ ಮನೆಯಲ್ಲಿ ತಾನಾ ಏಪ್ರನ್ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ನಿಂತು ರೊಟ್ಟಿ ಹಂಚಿದಳು, ಮನೆಯ ಮಗಳ ಹಾಗೆ. ನೊರೀನ್ ಕಾಫಿ ಕುಡಿದಳು. ಎಲ್ಲರೂ ಕೂತ ಮೇಲೆ ಅಡುಗೆಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತಾನಾ ಓಡಿಹೋದಳು.

“ಯಾರು?”

“ಬಾಲ್ದೊ ಬಿಲೆಚಿ. ಈಗ ತಾನೆ ದೋಣಿಯಿಂದ ಇಳಿದೆ. ಊಟ ಸಿಗುತ್ತಾ?”

ಮಗು ನನ್ನ ಕಡೆ ನೋಡಿತು. “ನನ್ನ ಕೇಳ್ಬೇಡ, ನೀನೇ ಹೇಳು,” ಎಂದೆ.

ಅವಳು ಬಾಗಿಲು ತೆಗೆದು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಜಾಗ ಇದೆ ಅಪ್ಪಾ. ಮೀನು ವಾಸನೆ ಹೊಡೀತಿದೀಯ, ಕೈ ತೊಳ್ಕೊಂಡು ಬಾ,” ಎಂದಳು.

ಮೇಜಿನವರೆಲ್ಲ ನಕ್ಕರು. ಅವನೂ ನಕ್ಕ. ಹೋಗಿ ತೊಳೆದುಕೊಂಡು ಬಂದ.

ಒರಾತ್ಸಿಯೊ ಬೆನ್ನು ಸೋತಿತು ಎನ್ನುತ್ತಿದ್ದಾನೆ. ಈಸ್ಟರ್ ಕಳೆದ ಮೇಲೆ ಚುಕ್ಕಾಣಿ ಮತ್ತೆ ಬಾಲ್ದೊನದು ಎಂದು ಈ ವಾರ ತೀರ್ಮಾನಿಸಿದೆ. ನಾಯಕನಿಗೆ ಪಾಲು ಹೆಚ್ಚು. ನಿನ್ನೆ ಬಂದು, ನನ್ನ ಕೋಟಿನ ಧೂಳು ಕೊಡವುತ್ತ, “ಮಾ, ಆ ಹೆಚ್ಚಿನದನ್ನ ಈಗಲೇ ತಿಳಿಸ್ಬೇಕಾ? ಒಂದು ಬೇಸಗೆ ಕಳೀಲಿ,” ಎಂದ, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ನಾನು ಅವನನ್ನು ಬೈಯಲೂ ಇಲ್ಲ. ಕಚೇರಿಯ ಕಾಗದವನ್ನು ಮೊನ್ನೆಯೇ ಅಂಚೆಗೆ ಹಾಕಿಬಂದಿದ್ದೆ.

ನಿನ್ನ ಮಕ್ಕಳು ಮೊಮ್ಮಕ್ಕಳು ಸುಖವಾಗಿರಲಿ. ಅಮ್ಮನ ಸಮಾಧಿಗೆ ನನ್ನ ಹೆಸರಿನಲ್ಲಿ ಒಂದು ಹೆಣೆದ ಗರಿ ಇಡು. ಇನ್ನು ಮೇಲೆ ‘ಪಾಪದ ಅಕ್ಕ’ ಎಂದು ಬರೆಯಬೇಡ.

ನಿನ್ನ ಅಕ್ಕ,
ಗಯೆಟಾನಾ

ತಾ. ಕ.: ಅಮೇರಿಕದಲ್ಲಿ ಅಪ್ಪನನ್ನು ನೀನು ಯಾಕೆ ಹುಡುಕಲಿಲ್ಲ ಎಂದು ಎಷ್ಟೋ ಸಲ ಕೇಳಿದ್ದೀಯ. ಹುಡುಕಿದೆ. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ. ಟೆರ್ರಾಸಿನಿಯವನೊಬ್ಬ ಇಂಥ ದೋಣಿಯಲ್ಲಿ ಪಾಲಿಗೆ ದುಡಿಯುತ್ತಾನೆ ಎಂದು ಯಾರೋ ಹೇಳಿದ್ದರು. ಆ ದೋಣಿಯ ಒಡತಿಯ ಮನೆಗೆ ಹೋದೆ. ಆ ಕಾಲಕ್ಕೆ ಈ ಬಂದರಿನ ಅತಿ ದೊಡ್ಡ ಹಬ್ಬದ ಮೇಜು ಅವಳದು. “ಕಾಲೋಜೆರೊ ರುಫೀನೊ ನಿಮ್ಮ ದೋಣಿಯಲ್ಲಿ ಇದಾರಾ?” ಎಂದು ಕೇಳಿದೆ. “ಇಂಥವನು ನಮ್ಮ ದೋಣೀಲಿ ಇಲ್ಲ ಮಗಳೆ,” ಎಂದು ಹೇಳಿ ನನ್ನ ಕೈಗೆ ಒಂದು ಕಿತ್ತಳೆ ಕೊಟ್ಟಳು. ಅವಳ ಬೆನ್ನ ಹಿಂದೆ, ಒಲೆಯ ಪಕ್ಕ, ಒಬ್ಬ ಗಂಡಸು ನನಗೆ ಬೆನ್ನು ಮಾಡಿ ಕೂತು ಬಲೆ ಹೊಲಿಯುತ್ತಿದ್ದ. ಅವನ ಎಡಗಿವಿಯ ತುದಿ ಇರಲಿಲ್ಲ. ಅಪ್ಪ ಊರು ಬಿಟ್ಟಾಗ ನೀನು ಚಿಕ್ಕವಳು, ಅವನ ಕಿವಿ ನಿನಗೆ ನೆನಪಿರಲಾರದು. ನನ್ನ ದನಿ ಕೇಳಿ ಅವನ ಸೂಜಿ ನಿಂತಿತು. ಅವನು ತಿರುಗಲಿಲ್ಲ. ಸಿಗಲಿಲ್ಲ ಎಂದು ಅಮ್ಮನಿಗೆ ಬರೆದೆ.

ಬಾಸ್ಟನ್ನಿನ ಆ ಹುಡುಗಿ ಕೊನೆಯಲ್ಲಿ ಕೇಳಿದ್ದು ಅದೇ ಪ್ರಶ್ನೆ: ಇಂಥವರು ಈಗ ನಿಮ್ಮ ದೋಣಿಯಲ್ಲಿ ಇದ್ದಾರಾ? ನಾನು ಇದ್ದಾನೆ ಎಂದೆ.